ಹೊಲದ ಮನೆಯ ಫ್ರಿಜ್‌ಗೆ ಒಂದು ಪ್ಯಾನೆಲ್, ಒಂದು ಬ್ಯಾಟರಿ ಸಾಲದು

ಮಾನ್ಯ ಸಂಪಾದಕರೇ,

ಕರೆಂಟಿನ ಲೈನ್ ಮುಟ್ಟದ ಹೊಲದ ಮನೆಯಲ್ಲಿ ಸೋಲಾರ್ ಮೇಲೆ ಫ್ರಿಜ್ ಓಡಿಸಬೇಕೆಂದವರಿಗೆ ‘ಒಂದು ಪ್ಯಾನೆಲ್, ಒಂದು ಬ್ಯಾಟರಿ ಸಾಕು’ ಎಂದು ಕೊಟೇಶನ್ ಕೊಡುವವರು ನಮ್ಮ ಗದಗ, ಹಾವೇರಿ ಕಡೆ ಇದ್ದಾರೆ. ನಾಲ್ಕು ಲೈಟಿಗೆ ಆ ಲೆಕ್ಕ ನಡೆದೀತು. ಫ್ರಿಜ್ ಹಗಲು ರಾತ್ರಿ ಓಡುವ ವಸ್ತು. ಬ್ಯಾಟರಿ ಬೇಗ ಕೂತುಬಿಡುತ್ತದೆ, ಆಮೇಲೆ ಸೋಲಾರೇ ಸರಿಯಿಲ್ಲ ಎಂಬ ಮಾತು ಊರೆಲ್ಲ ಹಬ್ಬುತ್ತದೆ.

ಲೆಕ್ಕ ಶುರುವಾಗಬೇಕಾದ್ದು ಫ್ರಿಜ್‌ನ ಸ್ಟಾರ್ ಲೇಬಲ್‌ನಿಂದ. ವರ್ಷಕ್ಕೆ 180 ಯೂನಿಟ್ ಎಂದಿದ್ದರೆ ದಿನಕ್ಕೆ ಅರ್ಧ ಯೂನಿಟ್. ಆದರೆ ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ ಅದೇ ಫ್ರಿಜ್‌ಗೆ 0.9 ಯೂನಿಟ್ ಹಿಡಿಯಬೇಕು, ಮಳೆಗಾಲಕ್ಕೆ 0.6. ಇದರ ಜೊತೆಗೆ ಯಾರೂ ಎಣಿಸದ ಖರ್ಚೊಂದಿದೆ. ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 20 ವ್ಯಾಟ್ ತಿಂದರೆ 24 ತಾಸಿಗೆ ಸುಮಾರು ಅರ್ಧ ಯೂನಿಟ್! ಅಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ 1.4, ಮಳೆಗಾಲದಲ್ಲಿ 1.1 ಯೂನಿಟ್ ಬೇಕು.

ಪ್ಯಾನೆಲ್ ಬಿಸಿಯಾಗುವುದು, ಧೂಳು, ವೈರು, ಬ್ಯಾಟರಿ, ಇನ್ವರ್ಟರ್ ಎಲ್ಲ ಸೇರಿ ಮೂರನೇ ಒಂದು ಪಾಲು ಸೋರಿಹೋಗುತ್ತದೆ. ಹಾಗಾಗಿ ಪ್ಯಾನೆಲ್ ಕಡೆಯಿಂದ ಬೇಸಿಗೆಗೆ 2.1, ಮಳೆಗಾಲಕ್ಕೆ 1.65 ಯೂನಿಟ್ ಬರಬೇಕು. ಬೇಸಿಗೆಯಲ್ಲಿ 5 ತಾಸು ಪೂರ್ಣ ಬಿಸಿಲು (ಪ್ಯಾನೆಲ್ ತನ್ನ ಪೂರ್ತಿ ವ್ಯಾಟ್ ಕೊಡುವಷ್ಟು ಬಿಸಿಲು) ಹಿಡಿದರೆ 420 ವ್ಯಾಟ್ ಸಾಕು. ಜುಲೈನಲ್ಲಿ, ಅದರಲ್ಲೂ ಹಾನಗಲ್, ಶಿಗ್ಗಾಂವಿ ಕಡೆ, 3 ತಾಸಿಗಿಂತ ಹೆಚ್ಚು ಹಿಡಿಯಬಾರದು. ಆಗ 550 ವ್ಯಾಟ್. ಅಂದರೆ ಪ್ಯಾನೆಲ್ ಲೆಕ್ಕ ಮಾಡಬೇಕಾದ್ದು ಮಳೆಗಾಲಕ್ಕೆ. 330 ವ್ಯಾಟಿನ ಎರಡು ಪ್ಯಾನೆಲ್ ಹಾಕಿ, ದಕ್ಷಿಣಕ್ಕೆ 15 ಡಿಗ್ರಿ ಇಳಿಜಾರು ಕೊಡಿ. ನವಲಗುಂದ, ರೋಣದ ಎರೆ ನೆಲದಲ್ಲಿ ಸುಗ್ಗಿ ಹೊತ್ತಿಗೆ ವಾರಕ್ಕೊಮ್ಮೆ ಮುಂಜಾನೆ ತಂಪಿನಲ್ಲೇ ಒರೆಸಬೇಕು.

ಸಂಜೆ ಐದರಿಂದ ಬೆಳಿಗ್ಗೆ ಎಂಟರವರೆಗೆ ಬ್ಯಾಟರಿಯಿಂದ ಬೇಸಿಗೆಯಲ್ಲಿ ಸುಮಾರು 1 ಯೂನಿಟ್ ಹೋಗುತ್ತದೆ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿಯಲ್ಲಿರುವುದೇ 1.8 ಯೂನಿಟ್, ಅರ್ಧಕ್ಕಿಂತ ಹೆಚ್ಚು ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ. ಒಂದೇ ಬ್ಯಾಟರಿಯಾದರೆ ದಿನವೂ ಆ ಗೆರೆ ದಾಟಿದಂತೆಯೇ. ಎರಡನ್ನು ಸೀರೀಸ್‌ನಲ್ಲಿ ಜೋಡಿಸಿ 24 ವೋಲ್ಟ್ ಮಾಡಿದರೆ ಒಂದು ಮೋಡದ ದಿನವನ್ನೂ ತಡೆದುಕೊಳ್ಳುತ್ತವೆ. ವೈರಿನಲ್ಲಿ ಹರಿಯುವ ಆಂಪಿಯರೂ ಅರ್ಧಕ್ಕಿಳಿಯುತ್ತದೆ.

ಪ್ಯಾನೆಲ್‌ನಿಂದ ಬ್ಯಾಟರಿ ಚಾರ್ಜ್ ಆಗುವುದನ್ನು ನಿಯಂತ್ರಿಸುವ ಕಂಟ್ರೋಲರ್‌ನಲ್ಲಿ ಆಗುವ ನಷ್ಟ ಕಣ್ಣಿಗೇ ಕಾಣದು. 330 ವ್ಯಾಟಿನ ಪ್ಯಾನೆಲ್ ಸುಮಾರು 37 ವೋಲ್ಟ್‌ನಲ್ಲಿ 9 ಆಂಪಿಯರ್ ಕೊಡುತ್ತದೆ. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಮೂಲಕ ಅದನ್ನು 12 ವೋಲ್ಟಿನ ಬ್ಯಾಟರಿಗೆ ಕೊಟ್ಟರೆ ಆಗಲೂ 9 ಆಂಪಿಯರೇ, ಆದರೆ 13 ವೋಲ್ಟ್‌ನಲ್ಲಿ. ಸಿಕ್ಕಿದ್ದು 117 ವ್ಯಾಟ್! ಹೆಚ್ಚಿನ ವೋಲ್ಟ್ ಇಳಿಸಿ ಆ ಮೇರೆಗೆ ಆಂಪಿಯರ್ ಏರಿಸಿಕೊಡುವ ಎಂಪಿಪಿಟಿ ಕಂಟ್ರೋಲರನ್ನೇ ಕೇಳಿ ಹಾಕಿಸಿಕೊಳ್ಳಿ.

ಓಡುವಾಗ 120 ವ್ಯಾಟ್ ಎಳೆಯುವ ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ ಐದಾರು ಪಟ್ಟು ಎಳೆಯುತ್ತದೆ. ಸಣ್ಣ ಇನ್ವರ್ಟರ್ ಅಲ್ಲೇ ಟ್ರಿಪ್ ಆಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಕಂಪ್ರೆಸರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಲೈನ್ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇರಲಿ, 1 ಕೆವಿಎಗಿಂತ ಕಡಿಮೆ ಬೇಡ.

ಕೊಟೇಶನ್ ಕೊಡುವವರು ದಿನದ ಯೂನಿಟ್, ಮಳೆಗಾಲಕ್ಕೆ ಹಿಡಿದ ಬಿಸಿಲಿನ ತಾಸು, ಬ್ಯಾಟರಿಯಿಂದ ರಾತ್ರಿ ತೆಗೆಯುವ ಯೂನಿಟ್, ಈ ಮೂರನ್ನೂ ಅದೇ ಹಾಳೆಯ ಮೇಲೆ ಬರೆದುಕೊಡಬೇಕು. ಬರೆದುಕೊಡಲು ಒಪ್ಪದವರಿಗೆ ರೈತರು ಮುಂಗಡ ಕೊಡಬಾರದು.

– ಸೋಲಾರ್ ತಂತ್ರಜ್ಞರು, ಗದಗ