ರೆಗ್ಯುಲೇಟರ್‌ಗೆ ಹೆಸರಿಡುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಚಿಪ್ ತಯಾರಿಕೆಯ ಸುದ್ದಿ ಈಗ ಪತ್ರಿಕೆಯಲ್ಲಿ ಆಗಾಗ ಬರುತ್ತಿದೆ. ಓದಿ ಖುಷಿಯಾಗುತ್ತದೆ. ಆ ಚಿಪ್ ಕೂರಿಸಿದ ಬೋರ್ಡ್ ಮೇಲೆ ಲಿನಕ್ಸ್ ಓಡಿಸುವ ಕೆಲಸ ನನ್ನದು. ಕಾಲೇಜಿನಲ್ಲಿ ನನಗೆ ಯಾರೂ ಹೇಳಿಕೊಡದ ಒಂದು ವಿಷಯಕ್ಕೆ ಈ ಪತ್ರ.

ಬೋರ್ಡ್‌ನಲ್ಲಿ ಏನೇನಿದೆ ಎಂದು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ತಿಳಿಸುವ ಪಟ್ಟಿಯೇ ಡಿವೈಸ್ ಟ್ರೀ. ಅದರಲ್ಲಿ ಪ್ರತಿ ಪವರ್ ರೆಗ್ಯುಲೇಟರ್‌ಗೂ, ಅಂದರೆ ಬೇಕಾದ ವೋಲ್ಟೇಜ್ ಒದಗಿಸುವ ಭಾಗಕ್ಕೂ, ಒಂದು ನೋಡ್ (ಪಟ್ಟಿಯ ಒಂದು ನಮೂದು), ಒಂದು ಹೆಸರು. ಹೋದ ವರ್ಷ ನಮ್ಮ ಬೋರ್ಡ್‌ನ ಮೂಲ ಕಡತದಲ್ಲಿ ವೈಫೈಗೆಂದು ‘ರೆಗ್ಯುಲೇಟರ್-3ವಿ3’ ಇತ್ತು. 3.3 ವೋಲ್ಟ್ ಎಂದರ್ಥ, ಚುಕ್ಕಿಯ ಜಾಗದಲ್ಲಿ ವಿ. ಕ್ಯಾಮೆರಾಗೂ 3.3 ವೋಲ್ಟ್ ಬೇಕಿತ್ತು. ನನ್ನ ಕಡತದಲ್ಲಿ ಅದಕ್ಕೂ ಅದೇ ಹೆಸರಿಟ್ಟೆ. ಕಡತಗಳನ್ನು ಕರ್ನಲ್ ಓದುವ ರೂಪಕ್ಕೆ ತರುವ ಕಂಪೈಲರ್ ಡಿಟಿಸಿ ಚಕಾರ ಎತ್ತಲಿಲ್ಲ. ಒಂದೇ ತಾಯಿ ನೋಡ್‌ನ ಕೆಳಗೆ ಎರಡು ಕಡತಗಳಿಂದ ಒಂದೇ ಹೆಸರು ಬಂದರೆ ಅದು ಸುಮ್ನೆ ಎರಡನ್ನೂ ಬೆರೆಸಿಬಿಡುತ್ತದೆ, ಕೊನೆಗೆ ಬರೆದದ್ದೇ ಉಳಿಯುತ್ತದೆ. ವೈಫೈ ಕರೆಂಟ್ ಕೇಳಿದಾಗ ಕರ್ನಲ್ ಆನ್ ಮಾಡುತ್ತಿದ್ದದ್ದು ಕ್ಯಾಮೆರಾದ ರೆಗ್ಯುಲೇಟರ್‌ನ ಪಿನ್ನನ್ನು! ಮೂರು ದಿನ ಮಲ್ಟಿಮೀಟರ್ ಹಿಡಿದು ಕೂತೆವು. ಒಳ್ಳೆಯ ವೈಫೈ ಚಿಪ್ಪನ್ನೇ ಕಿತ್ತು ಹೊಸದು ಹಾಕಿದೆವು. ಕೊನೆಗೆ, ಕರ್ನಲ್‌ನ ಒಳಗಿನ ಸ್ಥಿತಿ ತೋರಿಸುವ ಡೀಬಗ್‌ಎಫ್‌ಎಸ್‌ನ ರೆಗ್ಯುಲೇಟರ್ ಪಟ್ಟಿ ತೆಗೆದರೆ, ಎರಡಿರಬೇಕಾದ ಕಡೆ ಒಂದೇ ಇತ್ತು.

ಊರಲ್ಲಿ ಇಬ್ಬರು ಮಂಜ ಇದ್ದರೆ ಅಂಗಡಿ ಮಂಜ, ತೋಟದ ಮಂಜ ಅಂತ ಕರೆಯುತ್ತೇವೆ ಅಲ್ವಾ? ಇಲ್ಲೂ ಅಷ್ಟೇ ಸಾಕಿತ್ತು: ‘ರೆಗ್ಯುಲೇಟರ್-3ವಿ3-ವೈಫೈ’, ‘ರೆಗ್ಯುಲೇಟರ್-3ವಿ3-ಕ್ಯಾಮ್’. ಹೆಸರು ‘ರೆಗ್ಯುಲೇಟರ್’ ಎಂದೇ ಶುರುವಾಗಲಿ. ನೋಡ್‌ನ ಹೆಸರಲ್ಲಿ ಅಂಡರ್‌ಸ್ಕೋರ್ ಬೇಡ, ಹೈಫನ್ ಇರಲಿ. ಬೇರೆ ಕಡೆಯಿಂದ ನೋಡ್ ಕರೆಯಲು ಇಡುವ ಅಡ್ಡಹೆಸರಾದ ಲೇಬಲ್‌ಗೆ ಮಾತ್ರ ಅಂಡರ್‌ಸ್ಕೋರ್, ಅಲ್ಲಿ ಹೈಫನ್ ನಡೆಯುವುದಿಲ್ಲ. ಹಳೆಯ ಕಡತಗಳಲ್ಲಿ ‘ರೆಗ್ಯುಲೇಟರ್@0’, ‘@1’ ಎಂದು ಜಾಸ್ತಿ ಕಾಣುತ್ತದೆ. ದಯವಿಟ್ಟು ನಕಲು ಮಾಡಬೇಡಿ. @ ಗುರುತಿನ ನಂತರ ಬರಬೇಕಾದ್ದು ವಿಳಾಸ. ಬರೀ ಒಂದು ಪಿನ್‌ನಿಂದ ಆನ್-ಆಫ್ ಆಗುವ ರೆಗ್ಯುಲೇಟರ್‌ಗೆ ವಿಳಾಸವೇ ಇಲ್ಲ. ಇನ್ನು ‘ರೆಗ್ಯುಲೇಟರ್-ನೇಮ್’ ಅನ್ನುವ ಸಾಲಿನಲ್ಲಿ ಸ್ಕೀಮ್ಯಾಟಿಕ್‌ನ, ಅಂದರೆ ಬೋರ್ಡ್‌ನ ಸರ್ಕ್ಯೂಟ್ ನಕ್ಷೆಯ, ಹೆಸರನ್ನೇ ಬರೆಯಿರಿ. ಕರ್ನಲ್ ಲಾಗ್‌ನಲ್ಲಿ ಕಾಣುವುದು ಅದೇ. ರಿಪೇರಿಗೆ ಕೂತವರು ನಕ್ಷೆಯಲ್ಲಿ ಹುಡುಕುವುದೂ ಅದನ್ನೇ.

ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟು. ಲ್ಯಾಬ್‌ನಲ್ಲಿ ಬೋರ್ಡ್ ಕೊಡುವ ದಿನವೇ ಅದರ ಸ್ಕೀಮ್ಯಾಟಿಕ್ ಕೂಡ ಕೊಡಿ. ಡಿವೈಸ್ ಟ್ರೀ ನಿಯಮದಂತಿದೆಯಾ ಎಂದು ನೋಡುವ ‘ಡಿಟಿಬಿಎಸ್ ಚೆಕ್’ ಓಡಿಸುವುದನ್ನು ಕಲಿಸಿ. ಆದರೆ ಬೆರೆತುಹೋದ ನೋಡ್‌ಗಳನ್ನು ಅದು ಹಿಡಿಯುವುದಿಲ್ಲ. ಅದಕ್ಕೆ, ಕಂಪೈಲ್ ಆದ ಕಡತವನ್ನು ಡಿಟಿಸಿಯಿಂದ ಮತ್ತೆ ಬಿಡಿಸಿ, ನಕ್ಷೆಯಲ್ಲಿರುವಷ್ಟು ರೆಗ್ಯುಲೇಟರ್ ಇವೆಯಾ ಎಂದು ಮಕ್ಕಳ ಕೈಲೇ ಎಣಿಸಿಸಿ.

— ಒಬ್ಬ ಎಂಬೆಡೆಡ್ ಎಂಜಿನಿಯರ್, ಮೈಸೂರು