ಯುಗಾದಿ ಊಟ: ಹೋಳಿಗೆ ಮಾಡುವವರಿಗೂ ತಿನ್ನುವವರಿಗೂ

1 ಕೆಜಿ ತೊಗರಿಬೇಳೆಗೆ 1 ಕೆಜಿ ಬೆಲ್ಲ ಸಾಕು. ಬೇಳೆಯನ್ನು ಕುಕ್ಕರಿನಲ್ಲಿ ಕೂಗಿಸಬೇಡಿ, ತೆರೆದ ಪಾತ್ರೆಯಲ್ಲೇ ಬೇಯಿಸಿ. ಹಿಸುಕಿದರೆ ಬೆರಳಲ್ಲಿ ಪುಡಿಯಾಗಬೇಕು, ಕರಗಿ ಗಂಜಿಯಾಗಬಾರದು. ಬೇಳೆ ಬೆಂದ ನೀರು, ಅಂದರೆ ಕಟ್ಟು, ಪೂರ್ತಿ ಬಸಿದು ಸಾರಿಗೆ ಎತ್ತಿಡಿ. ಇಲ್ಲಿ ಅವಸರ ಮಾಡಿದರೆ ಬೇಳೆ-ಬೆಲ್ಲದ ಹೂರಣ ನೀರಾಗಿ, ತಟ್ಟುವಾಗ ಹೋಳಿಗೆ ಹರಿಯುತ್ತದೆ. ಹಾಗಾದರೆ ಹೂರಣವನ್ನು ಸಣ್ಣ ಉರಿಯಲ್ಲಿಟ್ಟು ಕೈಯಾಡಿಸಿ ಗಟ್ಟಿ ಮಾಡಿ. ಹಿಟ್ಟು ಮಾತ್ರ ಸುರಿಯಬೇಡಿ, ರುಚಿ ಕೆಡುತ್ತದೆ. ಹೊರಪದರದ ಹಿಟ್ಟು, ಅಂದರೆ ಕಣಕ, ಚಪಾತಿ ಹಿಟ್ಟಿಗಿಂತ ಮೆತ್ತಗಿರಲಿ, ಎಣ್ಣೆ ಹಾಕಿ 2 ಗಂಟೆ ನೆನೆಯಲಿ.

ಒಲೆ ಮುಂದೆ ನಿಂತವರೇ ಕಡೇ ಪಂಕ್ತಿಯಲ್ಲಿ ತಣ್ಣಗಾದದ್ದನ್ನು ಉಣ್ಣುವ ಪದ್ಧತಿ ಈ ಸಲ ಬೇಡ. ಮೊದಲ ಎಲೆ, ಬಿಸಿ ಹೋಳಿಗೆ, ಮೇಲೆ ತುಪ್ಪ ಅವರಿಗೇ. ಬಡಿಸುವುದು, ಎಲೆ ಎತ್ತುವುದು ಹುಡುಗರ ಪಾಲು. ಧನ್ಯವಾದದ ಸ್ಟಿಕ್ಕರ್ ಆಮೇಲೆ ಕಳಿಸಿದರಾಯಿತು.