ಮಾಲೂರಿನವರೆಗೆ ಕರೆದೊಯ್ದ ಚಾಲಕರಿಗೆ ಕೃತಜ್ಞತೆ

2020ರ ಮೇ ತಿಂಗಳಲ್ಲಿ, ಕೊರೊನಾ ಲಾಕ್‌ಡೌನ್ ವೇಳೆ, ವೈಟ್‌ಫೀಲ್ಡ್ ಬಳಿಯ ಶೆಡ್ಡುಗಳಲ್ಲಿ ಸಿಲುಕಿದ್ದ ಬಿಹಾರದ ಕಟ್ಟಡ ಕಾರ್ಮಿಕರ ಕುಟುಂಬಗಳನ್ನು ಮಾಲೂರು ರೈಲು ನಿಲ್ದಾಣಕ್ಕೆ ಸುರಕ್ಷಿತವಾಗಿ ತಲುಪಿಸಿ, ಹೆಸರನ್ನೂ ಹೇಳದೆ ಹಿಂದಿರುಗಿದ ಟೆಂಪೊ ಟ್ರಾವೆಲರ್ ಚಾಲಕರೇ, ಅಂದು ಅವರಿಗೆಲ್ಲ ಊರಿಗೆ ಮರಳಲು ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ನೋಂದಣಿ ಮಾಡಿಸಿಕೊಡುತ್ತಿದ್ದ ನಾನು ನಿಮಗೆ ಹೃತ್ಪೂರ್ವಕ ಧನ್ಯವಾದ ಸಲ್ಲಿಸುತ್ತೇನೆ. ಮೇ 1ರಿಂದ ವಲಸೆ ಕಾರ್ಮಿಕರನ್ನು ಊರಿಗೆ ಕರೆದೊಯ್ಯುವ ಶ್ರಮಿಕ್ ರೈಲುಗಳು ಆರಂಭವಾಗಿದ್ದರೂ ನಗರದ ಬಸ್ಸುಗಳು ನಿಂತಿದ್ದರಿಂದ ನಿಲ್ದಾಣ ಮುಟ್ಟುವುದೇ ದುಸ್ತರವಾಗಿತ್ತು. ನಮ್ಮ ರಾಜ್ಯದಿಂದ ಹೊರಡಬೇಕಿದ್ದ ರೈಲುಗಳು ನಡುವೆ ಕೆಲವು ದಿನ ರದ್ದಾದಾಗಲಂತೂ ಅನೇಕರು ನಡೆದೇ ಹೋಗಲು ಗಂಟುಮೂಟೆ ಕಟ್ಟಿದ್ದರು.

ತುಂಬು ಗರ್ಭಿಣಿಯೊಬ್ಬರಿಗಾಗಿ ನೀವು ಮನೆಯಿಂದ ತಂದ ಜಮಖಾನವನ್ನು ಮಡಿಸಿ ಸೀಟಿಗೆ ಹಾಸಿದಿರಿ, ರಸ್ತೆಯುಬ್ಬು ಬಂದಲ್ಲೆಲ್ಲ ಗಾಡಿಯನ್ನು ಬಹುತೇಕ ನಿಲ್ಲಿಸಿಯೇ ದಾಟಿಸಿದಿರಿ. ಪೊಲೀಸರು ತಡೆದಾಗ ಹೆದರಿ ಅಳತೊಡಗಿದ ಮಕ್ಕಳಿಗೆ ನಿಮಗೆ ಬಂದಷ್ಟು ಹಿಂದಿಯಲ್ಲಿ ಧೈರ್ಯ ಹೇಳಿದಿರಿ. ಬಾಡಿಗೆಯೇ ಇಲ್ಲದೆ ಗಾಡಿಯ ಕಂತು ತಲೆಯ ಮೇಲಿದ್ದ ಆ ಕಾಲದಲ್ಲಿ ಡೀಸೆಲ್ ಹಣವನ್ನೂ ಮುಟ್ಟಲಿಲ್ಲ. ಇದನ್ನು ಸಣ್ಣ ಉಪಕಾರವೆಂದು ನಾನು ಎಂದಿಗೂ ಭಾವಿಸಲಾರೆ.

ಆ ತಾಯಿಗೆ ಊರು ಸೇರಿದ ಮೇಲೆ ಸುಸೂತ್ರವಾಗಿ ಹೆರಿಗೆಯಾಯಿತೆಂದು ಅವರ ಪತಿ ಫೋನಿನಲ್ಲಿ ತಿಳಿಸಿ, ಈ ಸುದ್ದಿಯನ್ನು ನಿಮಗೆ ಮುಟ್ಟಿಸಬೇಕೆಂದು ಕೇಳಿಕೊಂಡಿದ್ದರು. ನಿಮ್ಮ ನಂಬರ್ ನನ್ನ ಬಳಿ ಇಲ್ಲದ ಕಾರಣ ಇಲ್ಲಿಯೇ ತಿಳಿಸುತ್ತಿದ್ದೇನೆ.